ಪವರ್ ಜಾಸ್ತಿ ಬೇಕಾ, ಬ್ಯಾಂಡ್‌ವಿಡ್ತ್ ಜಾಸ್ತಿ ಬೇಕಾ? ಮೈಕ್ರೋವೇವ್ ಬ್ಯಾಕ್‌ಹಾಲ್ ರೇಡಿಯೋ ಆರಿಸುವವರಿಗೆ ಒಂದು ಲೆಕ್ಕ

ಎರಡು ಕೊಟೇಶನ್ ಮೇಜಿನ ಮೇಲಿವೆ ಅಂದುಕೊಳ್ಳಿ. ಎರಡೂ ಒಂದು ಟವರ್‌ನಿಂದ ಇನ್ನೊಂದಕ್ಕೆ ಡಿಶ್ ಆಂಟೆನಾ ಮೂಲಕ ಫೋನ್, ಇಂಟರ್ನೆಟ್ ಟ್ರಾಫಿಕ್ ಸಾಗಿಸುವ ಬ್ಯಾಕ್‌ಹಾಲ್ ರೇಡಿಯೋಗಳು, 15 ಗಿಗಾಹರ್ಟ್ಜ್‌ನ ಲೈಸೆನ್ಸ್ ಬ್ಯಾಂಡ್‌ನವು. ಒಂದು ಹೈ ಪವರ್ ಮಾದರಿ, ಅದರ ಟ್ರಾನ್ಸ್‌ಮಿಟ್ ಪವರ್ 5 ಡಿಬಿ (ಸುಮಾರು ಮೂರು ಪಟ್ಟು) ಜಾಸ್ತಿ. ಇನ್ನೊಂದರದ್ದು ಸಾಧಾರಣ ಪವರ್, ಆದರೆ 28ರ ಬದಲು 56 ಮೆಗಾಹರ್ಟ್ಜ್ ಚಾನಲ್‌ನಲ್ಲೂ ಓಡುತ್ತದೆ. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದಕ್ಕೆ ಸಹಿ ಹಾಕುತ್ತೀರಿ?

ಹೆಚ್ಚಿನವರ ಕೈ ಹೈ ಪವರ್ ಕಡೆಗೇ ಹೋಗುತ್ತದೆ. ಪವರ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನುವ ಲೆಕ್ಕ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೇಗ ಬೇಕಿದ್ದರೆ ಬ್ಯಾಂಡ್‌ವಿಡ್ತ್‌ಗೆ ದುಡ್ಡು ಹಾಕಿ. ಲಿಂಕ್ ಬೀಳಬಾರದು ಅನ್ನುವುದೇ ಮುಖ್ಯವಾದರೆ ಮೊದಲು ಆಂಟೆನಾ ದೊಡ್ಡದು ಮಾಡಿ. ಅದು ಆಗುವುದಿಲ್ಲ ಅಂದಾಗ ಮಾತ್ರ ಪವರ್ ಕೊಳ್ಳಿ. ಇದಕ್ಕೆ ಅಪವಾದಗಳಿವೆ. ಮುಖ್ಯವಾದದ್ದು ನಮ್ಮ ದೇಶದಲ್ಲಿ ಸ್ಪೆಕ್ಟ್ರಮ್ ಸಿಗುವ ರೀತಿ. ಅಲ್ಲಿಗೆ ಆಮೇಲೆ ಬರೋಣ.

3 ಡಿಬಿಗೆ ಏನು ಸಿಗುತ್ತದೆ

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಡಿಬಿ ಸಾಕು. ಡಿಬಿ (ಡೆಸಿಬಲ್) ಎಷ್ಟು ಪಟ್ಟು ಅಂತ ಹೇಳುವ ಅಳತೆ, 3 ಡಿಬಿ ಅಂದರೆ ಪವರ್ ಎರಡು ಪಟ್ಟು. ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಪವರ್. 20 ಡಿಬಿಎಂ ಅಂದರೆ 100 ಮಿಲಿವ್ಯಾಟ್, 30 ಡಿಬಿಎಂ ಅಂದರೆ 1 ವ್ಯಾಟ್. ಹತ್ತಾರು ಕಿಲೋಮೀಟರ್ ದೂರ ನೂರಾರು ಎಂಬಿಪಿಎಸ್ ಸಾಗಿಸುವ ರೇಡಿಯೋ ಗಾಳಿಗೆ ಬಿಡುವುದು ಸಾಮಾನ್ಯವಾಗಿ ಒಂದು ವ್ಯಾಟ್‌ಗಿಂತ ಕಡಿಮೆ ಅಂದರೆ ಹೊಸಬರು ನಂಬುವುದಿಲ್ಲ. ಉಳಿದ ಕೆಲಸ ಡಿಶ್ ಮಾಡುತ್ತದೆ.

ಚಾನಲ್ ಅಗಲವನ್ನು ಎರಡು ಪಟ್ಟು ಮಾಡಿದರೆ ರಿಸೀವರ್ ಒಳಗೆ ಬರುವ ನಾಯ್ಸ್ ಕೂಡ ಎರಡು ಪಟ್ಟಾಗುತ್ತದೆ. ಅಂದರೆ ಥ್ರೆಶೋಲ್ಡ್ (ರಿಸೀವರ್‌ಗೆ ಬೇಕಾದ ಕನಿಷ್ಠ ಸಿಗ್ನಲ್) 3 ಡಿಬಿ ಕೆಡುತ್ತದೆ. 28 ಮೆಗಾಹರ್ಟ್ಜ್‌ನಲ್ಲಿ ಮೈನಸ್ 62 ಡಿಬಿಎಂ ಸಾಕಾಗುತ್ತಿದ್ದರೆ, 56ರಲ್ಲಿ ಮೈನಸ್ 59 ಬೇಕು. ಆ 3 ಡಿಬಿಗೆ ಪ್ರತಿಯಾಗಿ ವೇಗ ಪೂರ್ತಿ ಎರಡು ಪಟ್ಟು ಸಿಗುತ್ತದೆ.

ಅದೇ 3 ಡಿಬಿಯನ್ನು ಪವರ್ ರೂಪದಲ್ಲಿ ಕೊಂಡಿರಿ ಅಂದುಕೊಳ್ಳಿ. ಅದರಿಂದ ಮಾಡ್ಯುಲೇಶನ್ (ಸಿಗ್ನಲ್ ಮೇಲೆ ಡೇಟಾ ಹೇರುವ ವಿಧಾನ) ಒಂದು ಮೆಟ್ಟಿಲು ಹತ್ತಬಹುದು. ಈ ಮೆಟ್ಟಿಲುಗಳಿಗೆ ಕ್ವಾಮ್ ಅನ್ನುತ್ತಾರೆ. 256 ಕ್ವಾಮ್‌ನಲ್ಲಿ ಒಂದು ಸಿಂಬಲ್‌ಗೆ (ಒಂದು ಸಲ ಕಳಿಸುವ ಸಂಕೇತಕ್ಕೆ) 8 ಬಿಟ್, 512ರಲ್ಲಿ 9, 1024ರಲ್ಲಿ 10, 2048ರಲ್ಲಿ 11, 4096ರಲ್ಲಿ 12. ಪ್ರತಿ ಮೆಟ್ಟಿಲಿಗೂ ಸುಮಾರು 3 ಡಿಬಿ ತೆರಬೇಕು. 1024ರಿಂದ 2048ಕ್ಕೆ ಹೋದರೆ ವೇಗ ಹೆಚ್ಚುವುದು ಬರೀ ಶೇ 10. ಮುಂದಿನ ಮೆಟ್ಟಿಲಿನಲ್ಲಿ ಶೇ 9. ಮೇಲೆ ಹೋದಷ್ಟೂ ಲಾಭ ಸಣ್ಣದಾಗುತ್ತದೆ, ತೆರುವ ಡಿಬಿ ಮಾತ್ರ ಅಷ್ಟೇ ಇರುತ್ತದೆ.

ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರ ಹೇಳುವುದೂ ಇದನ್ನೇ. ಬ್ಯಾಂಡ್‌ವಿಡ್ತ್ ಲಾಗರಿದಮ್‌ನ ಹೊರಗಿದೆ, ಪವರ್ ಒಳಗಿದೆ. ಹೊರಗಿರುವುದು ನೇರವಾಗಿ ಗುಣಿಸುತ್ತದೆ, ಒಳಗಿರುವುದು ನಿಧಾನವಾಗಿ ಕೂಡುತ್ತಾ ಹೋಗುತ್ತದೆ.

ಇನ್ನೊಂದು ತಮಾಷೆ ಇದೆ. ಮಾಡ್ಯುಲೇಶನ್ ಏರಿಸಿದಂತೆ ರೇಡಿಯೋ ತನ್ನ ಪವರ್ ತಾನೇ ಇಳಿಸುತ್ತದೆ. ಪ್ರತಿ ಸಿಂಬಲ್ ನಕ್ಷೆಯ ಮೇಲಿನ ಒಂದು ಚುಕ್ಕೆ ಅಂದುಕೊಂಡರೆ, 4096 ಕ್ವಾಮ್‌ನ ಚುಕ್ಕೆಗಳು ಅಷ್ಟು ಹತ್ತಿರ ಹತ್ತಿರ ಇರುತ್ತವೆ. ಆಂಪ್ಲಿಫೈಯರ್ ಸ್ವಲ್ಪ ವಿರೂಪ ಮಾಡಿದರೂ ಒಂದು ಚುಕ್ಕೆ ಇನ್ನೊಂದರ ಜಾಗಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಆಂಪ್ಲಿಫೈಯರನ್ನು ಪೂರ್ತಿ ದುಡಿಸುವ ಹಾಗಿಲ್ಲ. ತೀರಾ ಕೆಳಗಿನ ಮೆಟ್ಟಿಲಾದ ಕ್ಯೂಪಿಎಸ್‌ಕೆಯಲ್ಲಿ 25 ಡಿಬಿಎಂ ಕೊಡುವ ರೇಡಿಯೋ ಮೇಲಿನ ಮೆಟ್ಟಿಲುಗಳಲ್ಲಿ 20ಕ್ಕೋ 19ಕ್ಕೋ ಇಳಿಯುವುದು ಮಾಮೂಲು. ಬ್ರೋಶರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಮಾತ್ರ ಆ 25.

ಒಂದು ಹಾಪ್ ತೆಗೆದುಕೊಂಡು ನೋಡೋಣ

ಸುಮ್ನೆ ಮಾತಾಡಿದರೆ ಪ್ರಯೋಜನ ಇಲ್ಲ, ಲೆಕ್ಕ ಮಾಡೋಣ. 15 ಗಿಗಾಹರ್ಟ್ಜ್, 12 ಕಿಲೋಮೀಟರ್ ಹಾಪ್ (ಎರಡು ಡಿಶ್‌ಗಳ ನಡುವಿನ ಒಂದು ಜಿಗಿತ), ಎರಡೂ ಕಡೆ 0.6 ಮೀಟರ್ ಡಿಶ್, ವರ್ಟಿಕಲ್ ಪೋಲರೈಸೇಶನ್ (ಸಿಗ್ನಲ್‌ನ ಅಲೆ ಮೇಲೆ ಕೆಳಗೆ ಆಡುವುದು; ಅಡ್ಡಡ್ಡ ಆಡಿದರೆ ಹಾರಿಜಾಂಟಲ್). ಮಲೆನಾಡಿನ ಎರಡು ಗುಡ್ಡಗಳ ಮಧ್ಯೆ ಇಂಥ ಹಾಪ್ ಬೇಕಾದಷ್ಟಿವೆ.

ಖಾಲಿ ಗಾಳಿಯಲ್ಲಿ 12 ಕಿಲೋಮೀಟರ್ ಹೋಗುವಷ್ಟರಲ್ಲಿ ಸಿಗ್ನಲ್ 137.5 ಡಿಬಿ ಕಳೆದುಕೊಳ್ಳುತ್ತದೆ. ಒಂದು ಡಿಶ್ ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸಿ ಸುಮಾರು 37 ಡಿಬಿ ಗೇನ್ ಕೊಡುತ್ತದೆ, ಎರಡಕ್ಕೆ 74. 1024 ಕ್ವಾಮ್‌ನಲ್ಲಿ ಟ್ರಾನ್ಸ್‌ಮಿಟ್ ಪವರ್ 20 ಡಿಬಿಎಂ ಇರಲಿ. ಚಿಲ್ಲರೆ ನಷ್ಟಕ್ಕೆ 1.5 ಡಿಬಿ ಬಿಡಿ. ಆಚೆ ಕಡೆ ಸಿಗುವ ಲೆವೆಲ್ ಮೈನಸ್ 45 ಡಿಬಿಎಂ. 28 ಮೆಗಾಹರ್ಟ್ಜ್‌ನಲ್ಲಿ ಥ್ರೆಶೋಲ್ಡ್ ಮೈನಸ್ 62ರ ಆಸುಪಾಸು. ಉಳಿಯುವ ಫೇಡ್ ಮಾರ್ಜಿನ್ (ಸಿಗ್ನಲ್ ಎಷ್ಟು ಕುಗ್ಗಿದರೂ ತಡೆಯಬಹುದು ಅನ್ನುವ ಅಂತರ) 17 ಡಿಬಿ. ವೇಗ ಸುಮಾರು 225 ಎಂಬಿಪಿಎಸ್. ಲೆಕ್ಕ ಸರಳವಾಗಿರಲಿ ಅಂತ 1024ನ್ನೇ ಮೇಲಿನ ಮೆಟ್ಟಿಲು ಅಂತ ಇಟ್ಟುಕೊಂಡಿದ್ದೇನೆ.

ಈಗ ಮಳೆ. ವರ್ಷದ ಶೇ 0.01ರಷ್ಟು ಹೊತ್ತು, ಅಂದರೆ ಸುಮಾರು 53 ನಿಮಿಷ, ಗಂಟೆಗೆ 100 ಮಿಲಿಮೀಟರ್ ಮೀರಿದ ವೇಗದಲ್ಲಿ ಮಳೆ ಸುರಿಯುತ್ತದೆ ಅಂತ ಹಿಡಿಯೋಣ. ಆ ಮಳೆಯಲ್ಲಿ 15 ಗಿಗಾಹರ್ಟ್ಜ್ ವರ್ಟಿಕಲ್ ಸಿಗ್ನಲ್ ಕಿಲೋಮೀಟರಿಗೆ ಸುಮಾರು 6 ಡಿಬಿ ಕಳೆದುಕೊಳ್ಳುತ್ತದೆ. ಹಾರಿಜಾಂಟಲ್ ಆದರೆ 8ರ ಹತ್ತಿರ. 12 ಕಿಲೋಮೀಟರ್ ಉದ್ದಕ್ಕೂ ಒಂದೇ ಸಮ ಸುರಿಯುವುದಿಲ್ಲ. ಅದಕ್ಕೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುನ ವಿಧಾನದಲ್ಲಿ ದೂರವನ್ನು ಕುಗ್ಗಿಸಿ ಲೆಕ್ಕ ಹಾಕುತ್ತಾರೆ. ಹಾಗೆ ಮಾಡಿದರೆ ಆ 53 ನಿಮಿಷಗಳಿಗೆ ನಷ್ಟ 38-39 ಡಿಬಿ ಬರುತ್ತದೆ.

ಮಾರ್ಜಿನ್ 17, ಮಳೆ ಕೇಳುವುದು 38. ಮಧ್ಯದ ಅಂತರ 21 ಡಿಬಿ. ಹೈ ಪವರ್ ರೇಡಿಯೋ ಕೊಡುವ 5 ಡಿಬಿ ಇದಕ್ಕೆ ಎಲ್ಲಿ ಸಾಲುತ್ತದೆ? ಇಲ್ಲಿ ಲಿಂಕ್ ಉಳಿಸುವುದು ಅಡಾಪ್ಟಿವ್ ಮಾಡ್ಯುಲೇಶನ್. ಮಳೆ ಜೋರಾದಂತೆ ರೇಡಿಯೋ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಕ್ಯೂಪಿಎಸ್‌ಕೆಗೆ ಬಂದು ನಿಲ್ಲುತ್ತದೆ. ಅಲ್ಲಿ ಪವರ್ 25ಕ್ಕೆ ಏರಿರುತ್ತದೆ, ಥ್ರೆಶೋಲ್ಡ್ ಮೈನಸ್ 87ರ ಹತ್ತಿರ ಇರುತ್ತದೆ. ಒಟ್ಟು ಮಾರ್ಜಿನ್ 47 ಡಿಬಿ. ವೇಗ 40 ಎಂಬಿಪಿಎಸ್‌ಗೆ ಇಳಿದರೂ 38 ಡಿಬಿ ತಿನ್ನುವ ಮಳೆಯಲ್ಲಿ ಫೋನ್ ಕರೆ ಕಡಿಯುವುದಿಲ್ಲ.

ಇದೇ ಹಾಪ್‌ಗೆ ಬೇರೆ ಬೇರೆ ಬದಲಾವಣೆ ಮಾಡಿದರೆ ಏನಾಗುತ್ತದೆ ಅಂತ ಅದೇ ವಿಧಾನದಲ್ಲಿ ಲೆಕ್ಕ ಹಾಕಿದ್ದೇನೆ. ಅಂಕಿಗಳು ಅಂದಾಜು, ಮಳೆಯಿಂದ ಬರುವ ನಷ್ಟಕ್ಕೆ ಮಾತ್ರ ಸಂಬಂಧಿಸಿದವು.

| ಆಯ್ಕೆ | ಪೂರ್ತಿ ವೇಗ | ವರ್ಷದಲ್ಲಿ ಪೂರ್ತಿ ವೇಗ ಸಿಗದ ಹೊತ್ತು | ಲಿಂಕ್ ಪೂರ್ತಿ ಬಿದ್ದಿರುವ ಹೊತ್ತು |
|---|---|---|---|
| 28 ಮೆಗಾಹರ್ಟ್ಜ್, 0.6 ಮೀ. ಡಿಶ್ | 225 ಎಂಬಿಪಿಎಸ್ | 6.3 ಗಂಟೆ | 30 ನಿಮಿಷ |
| ಅದೇ, ಪವರ್ 5 ಡಿಬಿ ಜಾಸ್ತಿ | 225 | 3.6 ಗಂಟೆ | 22 ನಿಮಿಷ |
| 56 ಮೆಗಾಹರ್ಟ್ಜ್, ಪವರ್ ಮೊದಲಿನದೇ | 450 | 9.6 ಗಂಟೆ | 36 ನಿಮಿಷ |
| 28 ಮೆಗಾಹರ್ಟ್ಜ್, ಎರಡೂ ಕಡೆ 1.2 ಮೀ. ಡಿಶ್ | 225 | 1.8 ಗಂಟೆ | 14 ನಿಮಿಷ |
| 56 ಮೆಗಾಹರ್ಟ್ಜ್, ಎರಡೂ ಕಡೆ 1.2 ಮೀ. ಡಿಶ್ | 450 | 2.4 ಗಂಟೆ | 17 ನಿಮಿಷ |

ಎರಡನೆಯ ಮತ್ತು ಮೂರನೆಯ ಸಾಲು ನೋಡಿ. ಪವರ್ ಕೊಂಡವರಿಗೆ ವರ್ಷಕ್ಕೆ ಮೂರು ಗಂಟೆಗಿಂತ ಕಡಿಮೆ ಲಾಭ. ಬ್ಯಾಂಡ್‌ವಿಡ್ತ್ ಕೊಂಡವರಿಗೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ ನಷ್ಟ, ಆದರೆ ವರ್ಷದ ಉಳಿದ 8,750 ಗಂಟೆ ಎರಡು ಪಟ್ಟು ವೇಗ. ಆ 9.6 ಗಂಟೆ ಕೂಡ ಲಿಂಕ್ ಸತ್ತ ಹೊತ್ತಲ್ಲ. 28 ಮೆಗಾಹರ್ಟ್ಜ್ ಲಿಂಕ್ 225 ಉಳಿಸಿಕೊಳ್ಳಲು ಒದ್ದಾಡುತ್ತಿರುವ ಕ್ಷಣದಲ್ಲಿ 56ರ ಲಿಂಕ್ 512 ಕ್ವಾಮ್‌ಗೆ ಇಳಿದು 400ರ ಹತ್ತಿರ ಕೊಡುತ್ತಿರುತ್ತದೆ. ಕೆಳಗಿನ ಮೆಟ್ಟಿಲವರೆಗೂ ಇದೇ ಕಥೆ. ಅಗಲದ ಚಾನಲ್ ನಿಜವಾಗಿ ಸೋಲುವುದು ಆ ಕೊನೆಯ ಆರು ನಿಮಿಷಗಳಲ್ಲಿ ಮಾತ್ರ. ಆಗ 28ರದ್ದು ಇನ್ನೂ ಉಸಿರಾಡುತ್ತಿರುತ್ತದೆ, 56ರದ್ದು ಬಿದ್ದಿರುತ್ತದೆ. ಇದಕ್ಕೂ ಈಗ ಮದ್ದಿದೆ. ಕೆಲವು ಹೊಸ ರೇಡಿಯೋಗಳು ಸಿಗ್ನಲ್ ತೀರಾ ಇಳಿದಾಗ ಚಾನಲ್ ಅಗಲವನ್ನೂ ತಾವೇ ಕಿರಿದು ಮಾಡಿಕೊಳ್ಳುತ್ತವೆ. ಈ ಸೌಲಭ್ಯ ಇದೆಯಾ ಅಂತ ಕೇಳಿ ನೋಡಿ.

ಮಳೆ ಅಂದಾಗ ಆಗುಂಬೆ, ಹುಲಿಕಲ್ ನೆನಪಾಗುತ್ತವೆ. ಆದರೆ ಲಿಂಕ್ ಲೆಕ್ಕಕ್ಕೆ ವರ್ಷದ ಒಟ್ಟು ಮಳೆಗಿಂತ ಮಳೆಯ ರಭಸ ಮುಖ್ಯ. ಪುನರ್ವಸು, ಪುಷ್ಯದಲ್ಲಿ ದಿನವಿಡೀ ಹಿಡಿದು ಸುರಿಯುವ ಗಂಟೆಗೆ 20 ಮಿಲಿಮೀಟರ್ ಮಳೆ 15 ಗಿಗಾಹರ್ಟ್ಜ್‌ನಲ್ಲಿ ಕಿಲೋಮೀಟರಿಗೆ ಒಂದು ಡಿಬಿ ಚಿಲ್ಲರೆ ಮಾತ್ರ ತಿನ್ನುತ್ತದೆ. ಭರಣಿ, ಕೃತ್ತಿಕೆಯ ಗುಡುಗಿನ ಮಳೆ ಅರ್ಧ ಗಂಟೆ ಬಂದು ಹೋದರೂ ಅದು ತಿನ್ನುವುದು ಜಾಸ್ತಿ. ಬೆಂಗಳೂರಿನ ಮೇ ತಿಂಗಳ ಸಂಜೆ ಎನ್‌ಓಸಿಯಲ್ಲಿ (ಜಾಲದ ಮೇಲೆ ನಿಗಾ ಇಡುವ ಕೇಂದ್ರ) ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪವರ್ ಕೊಳ್ಳುವ ಮೊದಲು ಡಿಶ್ ನೋಡಿ

ಡಿಶ್‌ನ ಅಗಲ ಎರಡು ಪಟ್ಟಾದರೆ ಗೇನ್ 6 ಡಿಬಿ ಹೆಚ್ಚುತ್ತದೆ. ಎರಡೂ ಕಡೆ ಬದಲಿಸಿದರೆ 12 ಡಿಬಿ. ಯಾವ ಹೈ ಪವರ್ ಮಾದರಿಯೂ ಅಷ್ಟು ಕೊಡುವುದಿಲ್ಲ. ಅದೂ ಅಲ್ಲದೆ ದೊಡ್ಡ ಡಿಶ್ ಕರೆಂಟ್ ತಿನ್ನುವುದಿಲ್ಲ, ಬಿಸಿಯಾಗುವುದಿಲ್ಲ, ಪಕ್ಕದವರಿಗೆ ತೊಂದರೆ ಕೊಡುವ ಬದಲು ಕಡಿಮೆ ಮಾಡುತ್ತದೆ.

ಹಾಗಾದರೆ ಎಲ್ಲರೂ 1.2 ಮೀಟರ್ ಡಿಶ್ ಯಾಕೆ ಹಾಕುವುದಿಲ್ಲ? ಟವರ್ ಬಾಡಿಗೆ. ಟವರ್ ಕಂಪನಿಗಳು ಡಿಶ್‌ನ ಗಾತ್ರ ನೋಡಿ ಬಾಡಿಗೆ ಹಾಕುತ್ತವೆ. ಗಾಳಿಯ ಒತ್ತಡ ತಡೆಯುವಷ್ಟು ಜಾಗ ಟವರ್‌ನಲ್ಲಿ ಉಳಿದಿರುವುದಿಲ್ಲ. ಊರೊಳಗಿನ ಮನೆ ತಾರಸಿಯ ಕಂಬಗಳ ಮೇಲಂತೂ ಮಾತೇ ಇಲ್ಲ. ಜೊತೆಗೆ ಬೀಮ್ ಕಿರಿದಾಗುತ್ತದೆ. 15 ಗಿಗಾಹರ್ಟ್ಜ್‌ನಲ್ಲಿ 0.6 ಮೀಟರ್ ಡಿಶ್‌ನ ಬೀಮ್ ಸುಮಾರು 2.3 ಡಿಗ್ರಿ, 1.2 ಮೀಟರಿನದು ಅದರ ಅರ್ಧ. ಗಾಳಿಗೆ ತೂಗುವ ತೆಳ್ಳನೆಯ ಕಂಬಕ್ಕೆ ಅದು ಆಗಿಬರುವುದಿಲ್ಲ. ಪವರ್‌ಗೆ ದುಡ್ಡು ಕೊಡುವುದು ನ್ಯಾಯವಾಗುವುದು ಇಂಥ ಸೈಟ್‌ಗಳಲ್ಲೇ.

ಅಲೈನ್‌ಮೆಂಟ್ (ಎರಡು ಡಿಶ್‌ಗಳನ್ನು ಎದುರುಬದುರು ಕೂರಿಸುವುದು) ಬಗ್ಗೆ ಒಂದು ಮಾತು. ಟವರ್ ಹತ್ತಿ ಕೆಲಸ ಮಾಡುವ ರಿಗ್ಗರ್, ಮೇಲೆ ಓಡಿಯುನ (ಡಿಶ್ ಜೊತೆ ಹೊರಗೆ ಕೂರುವ ರೇಡಿಯೋ ಘಟಕ) ಮಾನಿಟರ್ ಪೋರ್ಟಿಗೆ ಮಲ್ಟಿಮೀಟರ್ ಸಿಕ್ಕಿಸಿ, ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಬೋಲ್ಟನ್ನು ಕಾಲು ಸುತ್ತು ತಿರುಗಿಸುತ್ತಾ ವೋಲ್ಟೇಜ್ ಓದಿ ಹೇಳುತ್ತಿರುತ್ತಾನೆ. ಏರುತ್ತಾ ಬಂದು ಒಂದು ಕಡೆ ಇಳಿಯಲು ಶುರುವಾದರೆ ಅಲ್ಲಿಗೆ ಬಿಗಿ ಮಾಡಿಬಿಡುತ್ತಾರೆ. ಅದು ಮುಖ್ಯ ಬೀಮ್ ಆಗಿರಬೇಕೆಂದೇನೂ ಇಲ್ಲ, ಅದರ ಪಕ್ಕದ ದುರ್ಬಲ ಬೀಮ್ ಆದ ಸೈಡ್ ಲೋಬ್ ಕೂಡ ಹಾಗೇ ಏರಿ ಇಳಿಯುತ್ತದೆ. ಲೆಕ್ಕದಲ್ಲಿ ಮೈನಸ್ 45 ಬರಬೇಕಿದ್ದ ಕಡೆ ಮೈನಸ್ 65 ಬಂದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಕಳೆದುಹೋದ ಆ 20 ಡಿಬಿಯನ್ನು 5 ಡಿಬಿ ಹೈ ಪವರ್‌ನಿಂದ ತುಂಬಲು ಹೊರಡುವವರಿದ್ದಾರೆ! ಲಿಂಕ್ ಬಜೆಟ್‌ನ (ಮೇಲೆ ಮಾಡಿದಂಥ ಲೆಕ್ಕ) ಅಂಕಿಗೂ ಸೈಟ್‌ನ ಅಂಕಿಗೂ 2 ಡಿಬಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಡಿಶ್ ಎಡಕ್ಕೆ ಬಲಕ್ಕೆ ಪೂರ್ತಿ ಗುಡಿಸಿ ನೋಡಿಸಿ.

ಕಪ್ಲರ್ ಇನ್ನೊಂದು ಕಳ್ಳ. ಒಂದು ರೇಡಿಯೋ ಕೆಟ್ಟರೆ ಇನ್ನೊಂದು ಇರಲಿ ಅಂತ ಒಂದೇ ಡಿಶ್‌ಗೆ ಎರಡು ಓಡಿಯು ಹಾಕಿ, ಮಧ್ಯೆ ಸಿಗ್ನಲನ್ನು ಎರಡು ಭಾಗ ಮಾಡುವ ಸಮಪಾಲಿನ ಕಪ್ಲರ್ ಇಟ್ಟರೆ ಒಂದು ಕಡೆ 3 ಡಿಬಿ, ಆಚೆ ಕಡೆ 3 ಡಿಬಿ ಹೋಗುತ್ತದೆ. ಹೈ ಪವರ್‌ಗೆ ಕೊಟ್ಟ ದುಡ್ಡು ಅಲ್ಲೇ ಕರಗಿತು. ಎರಡು ಓಡಿಯು ಇಡುವುದೇ ಆದರೆ ಒಂದನ್ನು ವರ್ಟಿಕಲ್, ಇನ್ನೊಂದನ್ನು ಹಾರಿಜಾಂಟಲ್ ಮಾಡಿ ಎರಡನ್ನೂ ದುಡಿಸುವುದು ವಾಸಿ. ಎರಡೂ ಪೋಲರೈಸೇಶನ್ ಒಂದಕ್ಕೊಂದು ಅಡ್ಡಿಯಾಗದಂತೆ ನೋಡಿಕೊಳ್ಳುವ ಎಕ್ಸ್‌ಪಿಕ್ ಅನ್ನುವ ಸೌಲಭ್ಯ ಇದ್ದರೆ ಅದೇ 28 ಮೆಗಾಹರ್ಟ್ಜ್‌ನಲ್ಲಿ ಎರಡು ಪಟ್ಟು ವೇಗ ಬರುತ್ತದೆ. ಒಂದು ಓಡಿಯು ಕೆಟ್ಟರೆ ಅರ್ಧ ವೇಗ ಉಳಿದಿರುತ್ತದೆ, ಡಿಬಿ ನಷ್ಟವೂ ಅಲ್ಪ. ಹೊಸ ಸ್ಪೆಕ್ಟ್ರಮ್ ಕೇಳದೆ ವೇಗ ಹೆಚ್ಚಿಸಲು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ನಿಮ್ಮ ಅನುಮತಿಯಲ್ಲಿ ಎರಡೂ ಪೋಲರೈಸೇಶನ್ ಸೇರಿದೆಯಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಬ್ಯಾಂಡ್‌ವಿಡ್ತ್ ಅಂಗಡಿಯಲ್ಲಿ ಸಿಗುವುದಿಲ್ಲ

ರೇಡಿಯೋ 56 ಮೆಗಾಹರ್ಟ್ಜ್‌ಗೆ ಸೈ ಅಂದರೆ ಸಾಲದು. ಅಷ್ಟು ಸ್ಪೆಕ್ಟ್ರಮ್ ನಿಮ್ಮ ಹೆಸರಲ್ಲಿ ಇರಬೇಕು. ಭಾರತದಲ್ಲಿ ಇದನ್ನು ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಮೊಬೈಲ್ ಕಂಪನಿಗಳಿಗೆ 13, 15, 18, 21 ಗಿಗಾಹರ್ಟ್ಜ್‌ನಲ್ಲಿ ಆಕ್ಸೆಸ್ ಕ್ಯಾರಿಯರ್, 6 ಮತ್ತು 7 ಗಿಗಾಹರ್ಟ್ಜ್‌ನಲ್ಲಿ ಬ್ಯಾಕ್‌ಬೋನ್ ಕ್ಯಾರಿಯರ್. ಒಂದು ಕ್ಯಾರಿಯರ್ ಅಂದರೆ ಹೋಗಲು 28, ಬರಲು 28 ಮೆಗಾಹರ್ಟ್ಜ್. ಅಕ್ಕಪಕ್ಕದ ಎರಡು ಕ್ಯಾರಿಯರ್ ಕೈಯಲ್ಲಿದ್ದರೆ ಮಾತ್ರ 56ರ ಮಾತು. ಎರಡಿದ್ದು ನಡುವೆ ಬೇರೆಯವರದ್ದು ಬಂದರೆ ಎರಡು ಬೇರೆ ಬೇರೆ 28ರ ರೇಡಿಯೋಗಳೇ ಗತಿ.

ಶುಲ್ಕದ ಕಥೆಯೂ ಇದೆ. ಮೊಬೈಲ್ ಕಂಪನಿಗಳಿಗೆ ಇದು ಆದಾಯದ ಶೇಕಡಾವಾರು ಲೆಕ್ಕದಲ್ಲಿ ಬಂದಿದೆ. ಕ್ಯಾರಿಯರ್ ಸಂಖ್ಯೆ ಹೆಚ್ಚಿದಂತೆ ದರವೂ ಮೆಟ್ಟಿಲು ಹತ್ತುತ್ತದೆ. ತಮ್ಮ ಸ್ವಂತ ಬಳಕೆಗೆ ಜಾಲ ಕಟ್ಟಿಕೊಳ್ಳುವ ಸಂಸ್ಥೆಗಳಿಗೆ ಬಹುಕಾಲ ನಡೆದು ಬಂದಿರುವುದು ಸೂತ್ರದ ಲೆಕ್ಕ. ಹಾಪ್‌ನ ದೂರ, ಚಾನಲ್‌ನ ಅಗಲ, ಚಾನಲ್‌ಗಳ ಸಂಖ್ಯೆ ಇವನ್ನು ಗುಣಿಸುತ್ತಾರೆ. ಆ ಸೂತ್ರದಲ್ಲಿ ಪವರ್ ಇಲ್ಲ. ಹೈ ಪವರ್ ರೇಡಿಯೋಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಅಗಲದ ಚಾನಲ್‌ಗೆ ವರ್ಷ ವರ್ಷ ಕಟ್ಟಬೇಕು. ನನ್ನ ಮೊದಲಿನ ಸಲಹೆಗೆ ಇದೇ ದೊಡ್ಡ ಅಪವಾದ. ಟ್ರಾಫಿಕ್ 150 ಎಂಬಿಪಿಎಸ್ ದಾಟದ ಹಳ್ಳಿ ಸೈಟ್‌ಗೆ 56 ಮೆಗಾಹರ್ಟ್ಜ್ ಕೇಳುವುದು ದಂಡ.

ಬ್ರಿಟನ್‌ನಲ್ಲಿ ಬೇರೆ ರೀತಿ. ಅಲ್ಲಿನ ಆಫ್‌ಕಾಮ್ ಸಂಸ್ಥೆ ಶುಲ್ಕದ ಸೂತ್ರದಲ್ಲಿ ಚಾನಲ್ ಅಗಲದ ಜೊತೆ ಲಿಂಕ್ ಎಷ್ಟು ಖಚಿತವಾಗಿರಬೇಕು ಅನ್ನುವುದನ್ನೂ ಸೇರಿಸುತ್ತದೆ. ಶೇ 99.999 ಕೇಳಿದವರು 99.99 ಕೇಳಿದವರಿಗಿಂತ ಜಾಸ್ತಿ ಕಟ್ಟುತ್ತಾರೆ. ಜಾಸ್ತಿ ಮಾರ್ಜಿನ್ ಅಂದರೆ ಜಾಸ್ತಿ ಪವರ್, ಜಾಸ್ತಿ ಪವರ್ ಅಂದರೆ ಬೇರೆಯವರಿಗೆ ಉಳಿಯುವ ಜಾಗ ಕಡಿಮೆ ಅನ್ನುವ ತರ್ಕ. ಅಮೆರಿಕದಲ್ಲಿ 11 ಗಿಗಾಹರ್ಟ್ಜ್‌ನಲ್ಲಿ 80 ಮೆಗಾಹರ್ಟ್ಜ್ ಅಗಲದ ಚಾನಲ್ ಕೂಡ ಸಿಗುತ್ತದೆ. ಅಲ್ಲಿನವರು ಬರೆದ ಹೋಲಿಕೆ ಓದಿ ಇಲ್ಲಿ ರೇಡಿಯೋ ಆರಿಸಲು ಹೋದರೆ ಲೆಕ್ಕ ತಪ್ಪುತ್ತದೆ.

ನಮ್ಮಲ್ಲೂ ಪರಿಸ್ಥಿತಿ ಬದಲಾಗುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 13, 15, 18, 21 ಗಿಗಾಹರ್ಟ್ಜ್‌ನ ಕ್ಯಾರಿಯರ್‌ಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡಲು ಒಪ್ಪಿತು. ಜೊತೆಗೆ ಇ-ಬ್ಯಾಂಡ್‌ನಲ್ಲಿ (80 ಗಿಗಾಹರ್ಟ್ಜ್ ಆಸುಪಾಸಿನ ಬ್ಯಾಂಡ್) ತಲಾ 250 ಮೆಗಾಹರ್ಟ್ಜ್‌ನ ಎರಡು ಕ್ಯಾರಿಯರ್‌ಗಳನ್ನು ತಾತ್ಕಾಲಿಕವಾಗಿ ಕೊಡಲು ತೀರ್ಮಾನಿಸಿತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಬ್ಯಾಕ್‌ಹಾಲ್ ಹರಾಜಿಲ್ಲದೆ ಹಂಚುವ ಪಟ್ಟಿಯಲ್ಲಿದೆ. 2025ರ ಮೇನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಈ ಬ್ಯಾಂಡ್‌ಗಳ ಹಂಚಿಕೆ ಮತ್ತು ದರದ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತು. ಹಾಗಾಗಿ ಇವತ್ತು 28ರಲ್ಲೇ ಓಡಿಸುವುದಾದರೂ ಸಾಫ್ಟ್‌ವೇರ್ ಲೈಸೆನ್ಸ್‌ನಿಂದ 56ಕ್ಕೋ 112ಕ್ಕೋ ಏರಿಸಬಹುದಾದ ರೇಡಿಯೋ ಕೊಳ್ಳುವುದು ಬುದ್ಧಿವಂತಿಕೆ.

ಜಾಸ್ತಿ ಪವರ್ ನಿಮ್ಮ ಕಾಲಿಗೇ ಕೊಡಲಿ

ಆಕ್ಸೆಸ್ ಕ್ಯಾರಿಯರ್ ಸಿಗುವುದು ಸರ್ಕಲ್ ಲೆಕ್ಕದಲ್ಲಿ. ಕರ್ನಾಟಕ ಒಂದು ಸರ್ಕಲ್. ಅಂದರೆ ಒಂದು ಕಂಪನಿ ತನ್ನ ಕೈಯಲ್ಲಿರುವ ಬೆರಳೆಣಿಕೆಯ ಕ್ಯಾರಿಯರ್‌ಗಳನ್ನೇ ಬೀದರ್‌ನಿಂದ ಚಾಮರಾಜನಗರದವರೆಗೆ ಸಾವಿರಾರು ಹಾಪ್‌ಗಳಲ್ಲಿ ಮತ್ತೆ ಮತ್ತೆ ಬಳಸಬೇಕು. ಒಂದು ಹಾಪ್‌ನಲ್ಲಿ ಬೇಕಿಲ್ಲದೆ 5 ಡಿಬಿ ಏರಿಸಿದರೆ ಆ ಸಿಗ್ನಲ್ ದೂರದ ನಿಮ್ಮದೇ ಇನ್ನೊಂದು ರಿಸೀವರಿಗೆ ಹೋಗಿ ಕೂರುತ್ತದೆ. ಇಂಟರ್‌ಫಿಯರೆನ್ಸ್ ಆಗಿ ಥ್ರೆಶೋಲ್ಡ್ 3 ಡಿಬಿ ಕೆಟ್ಟರೆ, ಪಕ್ಕದ ಹಾಪ್‌ನವರು ತಮ್ಮ ಪವರ್ ಏರಿಸುತ್ತಾರೆ. ಮದುವೆ ಮನೆಯಲ್ಲಿ ಒಬ್ಬರು ದನಿ ಏರಿಸಿದ ಮೇಲೆ ಎಲ್ಲರೂ ಕೂಗಿ ಮಾತಾಡುವ ಹಾಗೆ. ಎಂಟು ಹತ್ತು ದಿಕ್ಕಿಗೆ ಡಿಶ್ ಇರುವ ಹಬ್ ಸೈಟ್‌ನಲ್ಲಿ ಇದು ನಿಜವಾದ ತಲೆನೋವು.

ಇದಕ್ಕೆ ಎಟಿಪಿಸಿ ಇದೆ. ಬಿಸಿಲಲ್ಲಿ ಪವರ್ ತಗ್ಗಿಸಿ, ಮಳೆ ಬಂದಾಗ ಮಾತ್ರ ಏರಿಸುತ್ತದೆ. ಹೈ ಪವರ್ ರೇಡಿಯೋ ಕೊಂಡು ಎಟಿಪಿಸಿ ಆಫ್ ಮಾಡಿ ಇಡುವುದಕ್ಕಿಂತ ಸಾಧಾರಣ ರೇಡಿಯೋವೇ ಮೇಲು.

ಸಣ್ಣ ಹಾಪ್‌ಗಳಲ್ಲಿ ಇನ್ನೊಂದು ತೊಂದರೆ. ಒಂದೆರಡು ಕಿಲೋಮೀಟರಿಗೆ ಪೂರ್ತಿ ಪವರ್ ಬಿಟ್ಟರೆ ರಿಸೀವರ್ ತಡೆಯಲಾರದೆ ಎರರ್ ಎಸೆಯಲು ಶುರು ಮಾಡುತ್ತದೆ. ಹೆಚ್ಚಿನ ರೇಡಿಯೋಗಳ ಮೇಲ್ಮಿತಿ ಮೈನಸ್ 20 ಡಿಬಿಎಂ ಆಸುಪಾಸು. ಇನ್ನು ಕರೆಂಟ್. ಹೈ ಪವರ್ ಓಡಿಯು ಜಾಸ್ತಿ ವ್ಯಾಟ್ ಎಳೆಯುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಬ್ಯಾಟರಿ, ಡೀಸೆಲ್ ಮೇಲೆ ನಿಂತಿರುವ ಸೈಟ್‌ನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಪವರ್ ಗೆಲ್ಲುವ ಜಾಗ, ಗೆಲ್ಲದ ಜಾಗ

ರಾಯಚೂರು, ಕಲಬುರಗಿ ಕಡೆಯ ಬಯಲಿನಲ್ಲಿ 7 ಗಿಗಾಹರ್ಟ್ಜ್‌ನ 40-50 ಕಿಲೋಮೀಟರ್ ಹಾಪ್ ಅಂದರೆ ಆಟವೇ ಬೇರೆ. ಆ ಬ್ಯಾಂಡ್‌ನಲ್ಲಿ ಗಂಟೆಗೆ 100 ಮಿಲಿಮೀಟರ್ ಮಳೆ ಕೂಡ ಕಿಲೋಮೀಟರಿಗೆ ಒಂದೂವರೆ ಡಿಬಿಯಷ್ಟೇ ತಿನ್ನುತ್ತದೆ. ತೊಂದರೆ ಬರುವುದು ಮಲ್ಟಿಪಾತ್‌ನಿಂದ. ಗಾಳಿ ನಿಂತ ರಾತ್ರಿ, ಬೆಳಗಿನ ಜಾವ ಗಾಳಿಯ ಪದರಗಳು ಬೇರೆ ಬೇರೆಯಾಗಿ ಸಿಗ್ನಲ್ ಎರಡು ದಾರಿಯಲ್ಲಿ ಬರುತ್ತದೆ. ಹಿನ್ನೀರಿನ ಮೇಲೆ ಹಾದು ಹೋಗುವ ಹಾಪ್‌ಗಳಲ್ಲಿ ನೀರಿನಿಂದ ಪುಟಿದು ಬರುವುದೂ ಸೇರುತ್ತದೆ.

ಇಂಥ ಫೇಡಿಂಗ್‌ನಲ್ಲಿ ಮಾರ್ಜಿನ್ 10 ಡಿಬಿ ಹೆಚ್ಚಿದರೆ ಲಿಂಕ್ ಕೆಡುವ ಹೊತ್ತು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 3 ಡಿಬಿಗೆ ಅರ್ಧ. ಈ ಬ್ಯಾಂಡ್‌ನಲ್ಲಿ ಹೈ ಪವರ್ ರೇಡಿಯೋಗಳು 30 ಡಿಬಿಎಂಗಿಂತ ಮೇಲೂ ಸಿಗುತ್ತವೆ. ಇಲ್ಲಿ ನಾನು ಪವರ್ ಕಡೆಗೇ ಕೈ ಎತ್ತುತ್ತೇನೆ. ಆದರೆ ಒಂದು ಎಚ್ಚರ. ಮಲ್ಟಿಪಾತ್ ಚಾನಲ್‌ನ ಒಂದು ಭಾಗವನ್ನು ಮಾತ್ರ ಕಚ್ಚಿ ಹಾಕುವುದುಂಟು. ಅದನ್ನು ಸೆಲೆಕ್ಟಿವ್ ಫೇಡಿಂಗ್ ಅನ್ನುತ್ತಾರೆ. ಚಾನಲ್ ಅಗಲವಾದಷ್ಟೂ ಅದರ ಕಾಟ ಜಾಸ್ತಿ. ಎಷ್ಟು ಪವರ್ ಹಾಕಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಎರಡು ದಾರಿಯ ಸಿಗ್ನಲ್ಲೂ ಒಟ್ಟಿಗೇ ಏರುತ್ತವೆ. ಅದಕ್ಕೆ ಅದೇ ಟವರ್‌ನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಡಿಶ್ ಹಾಕಿ ಸ್ಪೇಸ್ ಡೈವರ್ಸಿಟಿ ಮಾಡಬೇಕು.

ಇ-ಬ್ಯಾಂಡ್ ಇದಕ್ಕೆ ತದ್ವಿರುದ್ಧ. 80 ಗಿಗಾಹರ್ಟ್ಜ್‌ನಲ್ಲಿ ಅದೇ ಜೋರು ಮಳೆ ಕಿಲೋಮೀಟರಿಗೆ 30 ಡಿಬಿ ನುಂಗುತ್ತದೆ. 3 ಡಿಬಿ ಪವರ್ ಹೆಚ್ಚಿಸಿದರೆ ಹಾಪ್ ಉದ್ದ ಮಾಡಬಹುದಾದದ್ದು ನೂರು ಮೀಟರ್! ಅಲ್ಲಿ ಪವರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 250 ಮೆಗಾಹರ್ಟ್ಜ್ ಚಾನಲ್ ಒಂದರಲ್ಲೇ ಒಂದು ಜಿಬಿಪಿಎಸ್ ದಾಟಬಹುದು. ಹಾಪ್ ಒಂದೆರಡು ಕಿಲೋಮೀಟರ್ ಒಳಗೆ ಇರಲಿ. ಅದಕ್ಕಿಂತ ದೂರ ಬೇಕಾದರೆ 15 ಅಥವಾ 18 ಗಿಗಾಹರ್ಟ್ಜ್ ರೇಡಿಯೋ ಜೊತೆ ಕಟ್ಟಿ. ಬಿಸಿಲಲ್ಲಿ ಇ-ಬ್ಯಾಂಡ್ ದುಡಿಯುತ್ತದೆ, ಮಳೆಯಲ್ಲಿ ಕೆಳಗಿನ ಬ್ಯಾಂಡ್ ಮುಖ್ಯ ಟ್ರಾಫಿಕ್ ಹೊರುತ್ತದೆ. ಎರಡಕ್ಕೂ ಒಂದೇ ಡಿಶ್ ಸಿಗುತ್ತದೆ.

ಕೊಟೇಶನ್ ಕೇಳುವಾಗ

ಎರಿಕ್ಸನ್‌ನ ಮಿನಿ-ಲಿಂಕ್, ನೋಕಿಯಾದ ವೇವೆನ್ಸ್, ಎನ್‌ಇಸಿಯ ಐಪಾಸೋಲಿಂಕ್, ಸೆರಗಾನ್‌ನ ಐಪಿ-20, ಯಾವುದೇ ಇರಲಿ, ಡೇಟಾಶೀಟ್‌ನ ಮೊದಲ ಪುಟ ಬಿಡಿ. ಹಿಂದಿನ ಪುಟದ ಟೇಬಲ್‌ಗೆ ಹೋಗಿ. ನೀವು ಓಡಿಸುವ ಬ್ಯಾಂಡ್, ನೀವು ಓಡಿಸುವ ಚಾನಲ್ ಅಗಲ, ನೀವು ಓಡಿಸುವ ಮಾಡ್ಯುಲೇಶನ್‌ನ ಸಾಲಿಗೆ ಬೆರಳಿಡಿ. ಅಲ್ಲಿನ ಟ್ರಾನ್ಸ್‌ಮಿಟ್ ಪವರ್‌ನಿಂದ ಅದೇ ಸಾಲಿನ ಥ್ರೆಶೋಲ್ಡ್ ಕಳೆಯಿರಿ. ನಮ್ಮ ಉದಾಹರಣೆಯಲ್ಲಿ 20ರಿಂದ ಮೈನಸ್ 62 ಕಳೆದರೆ 82. ಇದು ಸಿಸ್ಟಮ್ ಗೇನ್. ಎರಡು ರೇಡಿಯೋಗಳನ್ನು ಹೋಲಿಸಬೇಕಾದ್ದು ಈ ಒಂದು ಅಂಕಿಯಲ್ಲಿ. 2 ಡಿಬಿ ಪವರ್ ಜಾಸ್ತಿ ಅಂತ ಹೇಳಿಕೊಳ್ಳುವ ರೇಡಿಯೋದ ಥ್ರೆಶೋಲ್ಡ್ 2 ಡಿಬಿ ಕೆಟ್ಟದಾಗಿರುವುದು ಹೊಸದೇನಲ್ಲ. ಆಗ ಎರಡೂ ಸಮ, ಇಂಟರ್‌ಫಿಯರೆನ್ಸ್ ಮಾತ್ರ ಮೊದಲನೆಯದರದ್ದು ಜಾಸ್ತಿ.

ಅಂಕಿ ಟಿಪಿಕಲ್ಲಾ, ಗ್ಯಾರಂಟಿಯಾ ಅಂತ ಕೇಳಿ. ಟಿಪಿಕಲ್ ಅಂದರೆ ಪವರ್‌ನಲ್ಲೂ ಥ್ರೆಶೋಲ್ಡ್‌ನಲ್ಲೂ ಒಂದೊಂದು ಡಿಬಿ ಬಿಟ್ಟೇ ಲೆಕ್ಕ ಹಾಕಿ. ವೇಗದ ಅಂಕಿ ಒಂದು ದಿಕ್ಕಿನದಾ, ಎರಡೂ ದಿಕ್ಕು ಕೂಡಿಸಿದ್ದಾ ನೋಡಿ. ಹೆಡರ್ ಕಂಪ್ರೆಶನ್ (ಪ್ರತಿ ಡೇಟಾ ತುಣುಕಿನ ತಲೆಭಾಗ ಕುಗ್ಗಿಸುವುದು) ಸೇರಿಸಿ, ಅದೂ 64 ಬೈಟ್‌ನ ಪುಟ್ಟ ಫ್ರೇಮ್‌ಗಳಿಗೆ ಲೆಕ್ಕ ಹಾಕಿ ಉಬ್ಬಿಸಿದ ಅಂಕಿ ಆಗಿದ್ದರೆ ಪಕ್ಕಕ್ಕಿಡಿ. ಜನ ವಿಡಿಯೋ ನೋಡುವ ಜಾಲದಲ್ಲಿ ಓಡುವುದು ದೊಡ್ಡ ಫ್ರೇಮ್‌ಗಳು.

ಟೆಂಡರ್‌ನಲ್ಲಿ ಹೈ ಪವರ್ ರೇಡಿಯೋ ಬೇಕು ಅಂತ ಬರೆಯಬೇಡಿ. ಇಂತಿಷ್ಟು ಕಿಲೋಮೀಟರ್, ಈ ಬ್ಯಾಂಡ್, ಈ ಚಾನಲ್ ಅಗಲ, ಇಂತಿಷ್ಟು ಎಂಬಿಪಿಎಸ್ ಶೇ 99.9 ಹೊತ್ತು, ಕನಿಷ್ಠ ಇಷ್ಟು ಶೇ 99.99 ಹೊತ್ತು, ಮಳೆಯ ರಭಸ ಇಷ್ಟು ಅಂತ ಬರೆಯಿರಿ. ಡಿಶ್ ಎಷ್ಟು ದೊಡ್ಡದಿರಬಹುದು ಅನ್ನುವುದನ್ನೂ ಟವರ್ ಕಂಪನಿ ಹತ್ತಿರ ಮೊದಲೇ ಕೇಳಿ ಸೇರಿಸಿ. ಪ್ರತಿ ಹಾಪ್‌ಗೂ ಲಿಂಕ್ ಬಜೆಟ್ ಹಾಳೆ ಕೊಡಲೇಬೇಕು ಅನ್ನಿ. ಆ ಹಾಳೆಯಲ್ಲಿ ಬರೆದ ರಿಸೀವ್ ಲೆವೆಲ್ ಸೈಟ್‌ನಲ್ಲಿ 2 ಡಿಬಿ ಒಳಗೆ ಬರುವವರೆಗೆ ಬಿಲ್ ಪಾಸ್ ಆಗುವುದಿಲ್ಲ ಅನ್ನುವ ಷರತ್ತನ್ನೂ ಹಾಕಿ.